ಓಂಕಾರಪ್ಪನ ಮನೆಯ ಹೊಸ್ತಿಲು

ನಮ್ಮ ಊರಿಗೆ ಹೊಸಬರು ಬಂದರೆ ಯಾರೂ ಬಂದು ಹೇಳಬೇಕಾಗಿಲ್ಲ. ಯಾವುದೋ ಬಾಗಿಲಲ್ಲಿ ದಡಾರನೆ ಬಿದ್ದ ಸದ್ದು, ಅದರ ಹಿಂದೆಯೇ "ಅಯ್ಯಯ್ಯೋ, ಪೆಟ್ಟಾಯ್ತಾ?" ಅನ್ನುವ ದನಿ ಕೇಳಿದರೆ ಸಾಕು, ಯಾರದೋ ಮನೆಗೆ ಹೊರಗಿನ ನೆಂಟರು ಬಂದಿದ್ದಾರೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ಊರಿನವರು ಹಾಗೆ ಬೀಳುವುದಿಲ್ಲ. ನಾವು ಯಾರ ಮನೆಗೆ ಹೋದರೂ ಮೊದಲು ಕೆಳಗೆ ನೋಡುತ್ತೇವೆ, ಆಮೇಲೆ ಕಾಲೆತ್ತುತ್ತೇವೆ, ಆಮೇಲೆ ಒಳಗಿನವರ ಮುಖ ನೋಡಿ "ಚೆನ್ನಾಗಿದ್ದೀರಾ?" ಅನ್ನುತ್ತೇವೆ. ಕೆಳಗೆ ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಮನೆಯೊಳಗೆ ಮಲಗಿದವರಲ್ಲಿ ಯಾರಿಗಾದರೂ ರಕ್ತದೊತ್ತಡ ಏರಿದರೆ ನಮ್ಮೂರಿನಲ್ಲಿ ಆ ಮನೆಯ ಹೊಸ್ತಿಲು ಏಳುತ್ತದೆ. ಅಷ್ಟೇ. ಬೆಳಗ್ಗೆ ನೀರು ಹಾಕಲು ಬಾಗಿಲು ತೆಗೆದರೆ ನಿನ್ನೆಗಿಂತ ಒಂದು ಬೆರಳು ಮೇಲೆ ನಿಂತಿರುತ್ತದೆ. ಒತ್ತಡ ಇಳಿದರೆ ಅದೂ ಇಳಿಯುತ್ತದೆ. ನಮ್ಮತ್ತೆಯ ಅತ್ತೆಯ ಕಾಲದಲ್ಲೂ ಹೀಗೇ ಇತ್ತಂತೆ. ನನ್ನ ಯಜಮಾನರು ಬಡಗಿ, ನಮಗೆ ಇದರಿಂದಲೇ ಅನ್ನ. ಹೊಸ್ತಿಲು ಎದ್ದರೆ ಬಾಗಿಲು ಮುಚ್ಚುವುದಿಲ್ಲವಲ್ಲ, ಅದಕ್ಕೇ ನಮ್ಮ ಕಡೆಯ ಬಾಗಿಲುಗಳ ಕೆಳಭಾಗದಲ್ಲಿ ಅಡ್ಡಪಟ್ಟಿಗಳನ್ನು ಬಿಡಿಬಿಡಿಯಾಗಿ ಜೋಡಿಸಿರುತ್ತಾರೆ. ಎದ್ದಾಗ ಒಂದು ಪಟ್ಟಿ ಬಿಚ್ಚಿ ಅಟ್ಟಕ್ಕೆ ಹಾಕುವುದು, ಇಳಿದಾಗ ಮತ್ತೆ ಜಡಿಯುವುದು. ಬಿಚ್ಚುವ ದಿನ ಮನೆಯವರು ಬರೀ ನೀರು ಕೊಡುತ್ತಾರೆ, ಜಡಿಯುವ ದಿನ ಪಾಯಸ ಕೊಡುತ್ತಾರೆ ಅಂತ ನಮ್ಮವರು ನಗುತ್ತಾರೆ.

ಪಾದದ ಗಿಣ್ಣಿನಷ್ಟು ಎದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಯಸ್ಸಾದ ಮೇಲೆ ಅಷ್ಟು ಇಲ್ಲದ ಮನೆ ಯಾವುದಿದೆ? ಮೀನಖಂಡಕ್ಕೆ ಬಂದರೆ ಪಿಸುಮಾತು ಶುರುವಾಗುತ್ತದೆ. ಮೊಣಕಾಲಿಗೆ ಬಂತೋ, ಮುಗಿಯಿತು. ಕೆರೆ ಬೀದಿಯ ಪಟೇಲರ ಮನೆಯಲ್ಲಿ ಹಾಗೆ ಬಂದ ವಾರದೊಳಗೇ ಅವರ ಬಾಯಿ ಸೊಟ್ಟಗಾಗಿ, ಬಲಗೈ ಬಿದ್ದು, ಈಗಲೂ ಎಡಗೈಯಲ್ಲಿ ಊಟ ಮಾಡುತ್ತಾರೆ. ಅದನ್ನು ಕಂಡವರು ಮೊಣಕಾಲು ಅನ್ನುವ ಮಾತನ್ನೇ ಮೆಲ್ಲಗೆ ಆಡುತ್ತಾರೆ.

ಆದರೆ ಒತ್ತಡ ಏರಿದೆ ಅಂತ ಹೊಸ್ತಿಲು ಹೇಳುತ್ತದೆಯೇ ಹೊರತು ಯಾರದು ಅಂತ ಹೇಳುವುದಿಲ್ಲ. ಅದಕ್ಕೆ ಊರಿನವರು ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದರು. ಮನೆಯಲ್ಲಿ ಯಾರ ದನಿ ದೊಡ್ಡದೋ ಒತ್ತಡ ಅವರದು. ಇನ್ನೊಂದು ಕಟ್ಟುಪಾಡೂ ಇತ್ತು. ಹೊಸ್ತಿಲು ಎದ್ದ ಮನೆಯವರು ಬೇರೆಯವರ ಮನೆಯಲ್ಲಿ ರಾತ್ರಿ ಮಲಗಬಾರದು, ತಮ್ಮ ಮನೆಯ ಏರುಪೇರನ್ನು ಇನ್ನೊಬ್ಬರ ಬಾಗಿಲಿಗೆ ಹೊತ್ತುಕೊಂಡು ಹೋಗಬಾರದು ಅಂತ. ಇವೆರಡನ್ನೂ ನಾವು ಒಂದು ದಿನವೂ ಪ್ರಶ್ನೆ ಮಾಡಿದವರಲ್ಲ. ಯಾಕೆ ಮಾಡಬೇಕು, ಎಲ್ಲ ಸರಿಯಾಗಿಯೇ ನಡೆಯುತ್ತಿತ್ತಲ್ಲ!

ಹಾಗಾಗಿ ನಮ್ಮ ಎದುರು ಮನೆಯ ಓಂಕಾರಪ್ಪನ ಹೊಸ್ತಿಲು ಎದ್ದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಯಾಕೆ ಏಳಲಿಲ್ಲ ಅನ್ನುವುದೇ ಆಶ್ಚರ್ಯವಾಗಿತ್ತು.

ಓಂಕಾರಪ್ಪ ಹೂವಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಸೇವಂತಿಗೆ ಮಂಕರಿಯನ್ನು ಎತ್ತಿ ಹಿಡಿದು "ಒಂದ್ಸಾರೀ!" ಅಂತ ಅವನು ಕೂಗಿದರೆ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿದ್ದವರು ತಮ್ಮ ಬಸ್ಸೇ ಬಂತೆಂದು ಎದ್ದು ನಿಲ್ಲುತ್ತಿದ್ದರು. ಕೂಗುವಾಗ ಕತ್ತಿನ ನರ ಉಬ್ಬುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಹೊಟ್ಟೆ ಅಂಗಿಯ ಗುಂಡಿಯನ್ನು ಪರೀಕ್ಷೆ ಮಾಡುತ್ತಿತ್ತು. ಮನೆಗೆ ಬಂದ ಮೇಲೂ ಅದೇ ದನಿ. ಟವೆಲ್ಲು ಕಾಣಲಿಲ್ಲ ಅಂದರೂ ಊರಿಗೆಲ್ಲ ಗೊತ್ತಾಗುವ ಹಾಗೆ ಕಾಣಲಿಲ್ಲ. ಸಿಟ್ಟೆಂದರೆ ಸಿಟ್ಟು! ಆದರೆ ಕೂಗಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಊಟ ಮಾಡಿ ಜಗಲಿಯ ಮೇಲೆ ಬಿದ್ದುಕೊಂಡರೆ ಗೊರಕೆ ನಮ್ಮ ಮನೆಯ ಪಾತ್ರೆ ಅಲುಗಾಡಿಸುತ್ತಿತ್ತು.

ಅವನ ಹೆಂಡತಿ ಹಾಲಮ್ಮ ಇದಕ್ಕೆಲ್ಲ ತದ್ವಿರುದ್ಧ. ಕಡ್ಡಿಯಂಥ ಮೈ, ಮುಖದಲ್ಲಿ ಒಂದು ನಗು, ಬಾಯಲ್ಲಿ ಎರಡೇ ಮಾತು, "ಆಯ್ತು ಬಿಡಿ". ಅವಳು ಕೂತು ಉಂಡದ್ದನ್ನು ನಾನು ನೋಡಿಲ್ಲ. ಮಗಳು ವನಜಳನ್ನು ಇದೇ ಊರಿನ ನೇಕಾರರ ಬೀದಿಗೆ ಕೊಟ್ಟಿದ್ದರು. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಇಬ್ಬರಲ್ಲಿ ಯಾರ ಒತ್ತಡ ಅಂತ ಕೇಳಿದರೆ ಮಗುವೂ ಹೇಳುತ್ತಿತ್ತು.

ಮೊದಲ ಪಟ್ಟಿ ಬಿಚ್ಚಿದ್ದು ದೀಪಾವಳಿ ಕಳೆದ ಮೇಲೆ. ಓಂಕಾರಪ್ಪ ಅದನ್ನು ತಮಾಷೆ ಮಾಡಿದ. "ಲೇ ಹಾಲಮ್ಮ, ನೋಡು, ನನ್ನ ದನಿಗೆ ಹೊಸ್ತಿಲೂ ಎದ್ದು ನಿಂತ್ಕೊಳ್ತು!" ಎರಡನೆಯ ಪಟ್ಟಿ ಬಿಚ್ಚಿದಾಗ ತಮಾಷೆ ನಿಂತಿತು. ಸಂಕ್ರಾಂತಿ ಹೊತ್ತಿಗೆ ಹೊಸ್ತಿಲು ಮೀನಖಂಡಕ್ಕೆ ಬಂದಿತ್ತು. ಎಳ್ಳು ಬೀರಲು ಬಂದ ಹೆಣ್ಣುಮಕ್ಕಳು ಲಂಗ ಎತ್ತಿಕೊಂಡು ದಾಟಬೇಕಾಯಿತು. ಆ ಸಂಜೆ ಹಾಲಮ್ಮ ದೇವರ ಮುಂದೆ ದೀಪ ಹಚ್ಚಿ, ಗಂಡನ ಕೈ ಹಿಡಿದು ಕೂರಿಸಿ, ಜೀವನದಲ್ಲಿ ಮೊದಲ ಸಲ ನಾಲ್ಕು ಮಾತು ಒಟ್ಟಿಗೆ ಆಡಿದಳು.

"ರೀ, ಇನ್ನು ನೀವು ಕೂಗೋ ಹಾಗಿಲ್ಲ. ಮಾರ್ಕೆಟ್ಟಿಗೂ ಹೋಗೋ ಹಾಗಿಲ್ಲ. ಉಪ್ಪು, ಖಾರ, ಕಾಫಿ ಎಲ್ಲ ಬಂದ್. ನಿಮಗೇನಾದ್ರೂ ಆದ್ರೆ ನಾನು ಉಳಿಯಲ್ಲ. ಮೊಮ್ಮಗನ ಮೇಲೆ ಆಣೆ ಮಾಡಿ."

ಪಟೇಲರ ಎಡಗೈ ಓಂಕಾರಪ್ಪನ ಕಣ್ಣ ಮುಂದೆ ಬಂತು. ಆಣೆ ಮಾಡಿಬಿಟ್ಟ.

ಅಲ್ಲಿಂದ ನಮ್ಮ ಬೀದಿಯಲ್ಲಿ ಒಂದು ವಿಚಿತ್ರ ಕಾಲ ಶುರುವಾಯಿತು. ಬೆಳಗ್ಗೆ ಎದ್ದರೆ ಎದುರು ಮನೆಯಿಂದ ಸದ್ದೇ ಇಲ್ಲ. ಓಂಕಾರಪ್ಪ ಜಗಲಿಯ ಮೇಲೆ ಶಾಲು ಹೊದ್ದು, ಪರೀಕ್ಷೆಯಲ್ಲಿ ಫೇಲಾದವನಂತೆ ಕೂತಿರುತ್ತಿದ್ದ. ಮಾತಾಡಿದರೆ ಪಿಸುಮಾತು. ಅವನ ಪಿಸುಮಾತು ಕೇಳಿದ್ದೀರಾ? ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ. ಊಟಕ್ಕೆ ಕೂತರೆ ಸಪ್ಪೆ ಸಾರು, ಸಪ್ಪೆ ಪಲ್ಯ, ನೀರು ಮಜ್ಜಿಗೆ.

"ಅಕ್ಕಾ," ಅಂತ ಒಂದು ದಿನ ನನ್ನನ್ನು ಸನ್ನೆ ಮಾಡಿ ಕರೆದು ಪಿಸುಗುಟ್ಟಿದ, "ಇವತ್ತು ಇವಳು ಕೊಟ್ಟಿದ್ದು ಸಾರೋ, ಪಾತ್ರೆ ತೊಳೆದ ನೀರೋ ಗೊತ್ತಾಗ್ಲಿಲ್ಲ. ಕೇಳೋಣ ಅಂದ್ರೆ ಸಿಟ್ಟು ಮಾಡ್ಬಾರ್ದಲ್ಲ. ಎರಡು ಸಲ ಹಾಕಿಸ್ಕೊಂಡು ಕುಡಿದೆ."

"ಪಾತ್ರೆ ತೊಳೆದ ನೀರಾಗಿದ್ರೆ ಇನ್ನೂ ಸ್ವಲ್ಪ ರುಚಿ ಇರ್ತಿತ್ತು ಕಣೋ," ಅಂದೆ. ಪಾಪ, ನಗಲಿಕ್ಕೂ ಹೆದರಿದ.

ಮಾರುಕಟ್ಟೆಯಲ್ಲಿ ಅವನ ಜಾಗಕ್ಕೆ ಯಾರನ್ನೋ ನಿಲ್ಲಿಸಿದ್ದರು. ಆ ಹೊಸಬ "ಒಂದು ಸಾರಿ" ಅಂದರೆ ಮೂರನೆಯ ಸಾಲಿನವರಿಗೆ ಕೇಳುತ್ತಿರಲಿಲ್ಲವಂತೆ. ಕನಕಾಂಬರ ಬಿಡಿಸಿ ತರುವ ಹೆಂಗಸರು ಜಗಲಿಯ ಹತ್ತಿರ ನಿಂತು, "ಅಣ್ಣಾ, ನೀವಿಲ್ದೆ ಹೂವೇ ಬಾಡಿದ ಹಾಗೆ ಕಾಣ್ತವೆ, ಯಾವಾಗ ಬರ್ತೀರಿ?" ಅನ್ನುತ್ತಿದ್ದರು. ಓಂಕಾರಪ್ಪ ಆಕಾಶ ತೋರಿಸುತ್ತಿದ್ದ.

ಇತ್ತ ಹಾಲಮ್ಮನ ಕಷ್ಟ ಬೇರೆ. ಬೇಸಿಗೆಯಲ್ಲಿ ಗಂಡನಿಗೆ ಇಷ್ಟ ಅಂತ ಮಾಡಿಟ್ಟಿದ್ದ ಅಕ್ಕಿ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಡಬ್ಬಿಗಳಲ್ಲಿ ತುಂಬಿದ್ದವು. ಮಾವಿನ ಉಪ್ಪಿನಕಾಯಿ ಜಾಡಿಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ಇಟ್ಟರೆ ಹುಳ ಬೀಳುತ್ತದೆ, ಎಸೆದರೆ ಮನಸ್ಸು ಒಪ್ಪುವುದಿಲ್ಲ. ಗಂಡ ಸಪ್ಪೆ ಉಂಡು ಎದ್ದ ಮೇಲೆ ಒಲೆಯ ಪಕ್ಕ ನಿಂತು, ಅವನಿಗೆ ಕರುಮುರು ಸದ್ದು ಕೇಳದ ಹಾಗೆ ಹಪ್ಪಳವನ್ನು ಅನ್ನದಲ್ಲಿ ಒತ್ತಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದಳು. ನಾನು ಕೇಳಿದರೆ, "ಅವರ ಕಣ್ಣಿಗೆ ಬೀಳದೆ ಖಾಲಿಯಾಗ್ಲಿ ಕಾಳಕ್ಕ. ನೋಡಿದ್ರೆ ಆಸೆಪಡ್ತಾರೆ," ಅನ್ನುತ್ತಿದ್ದಳು.

ರಾತ್ರಿ ನಿದ್ದೆಯಿಲ್ಲ. ಗಂಡನ ಗೊರಕೆ ನಿಂತಿತೋ ಇಲ್ಲವೋ ಅಂತ ಕಿವಿ ನಿಮಿರಿಸಿಕೊಂಡು ಮಲಗುವುದು, ಕೋಳಿ ಕೂಗುವ ಮೊದಲೇ ಎದ್ದು ಹೊಸ್ತಿಲಿಗೆ ಬೆರಳಿಟ್ಟು ನೋಡುವುದು. ಒಂದು ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಅವಳು ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುತ್ತ ಅಲ್ಲೇ ಕೂತುಬಿಟ್ಟಿದ್ದಳು.

"ಯಾಕೇ ಹಾಲಮ್ಮ?"

"ಇನ್ನೂ ಒಂದು ಬೆರಳು ಎದ್ದಿದೆ ಅಕ್ಕ. ಇಷ್ಟೆಲ್ಲ ಮಾಡಿದ್ರೂ! ಉಪ್ಪು ಕಮ್ಮಿ ಮಾಡ್ದೆ, ಬಾಯಿ ಮುಚ್ಚಿಸ್ದೆ, ಇನ್ನೇನು ಮಾಡ್ಲಿ? ಅವರಿಗೆ ಹೇಳ್ಬೇಡಿ, ಹೆದರ್ಕೊಳ್ತಾರೆ." ಹಾಗೆನ್ನುತ್ತ ಎಡಗೈಯಿಂದ ತಲೆಯ ಹಿಂಭಾಗ ಒತ್ತಿಕೊಂಡಳು. "ನಂದು ಬಿಡಿ, ನಿದ್ದೆ ಇಲ್ವಲ್ಲ, ಹಿಂದಲೆ ಹಿಡ್ಕೊಂಡಿದೆ ಅಷ್ಟೆ."

ನಾನೂ ಅಷ್ಟೇ ಅಂದುಕೊಂಡೆ. ಎಂಥ ದಡ್ಡಿ ನೋಡಿ ನಾನು! ಮೊಣಕಾಲಿಗೆ ಇನ್ನು ನಾಲ್ಕು ಬೆರಳು ಬಾಕಿ ಇತ್ತು.

ಆ ಹೊತ್ತಿಗೆ ಊರಿನ ಆಸ್ಪತ್ರೆಗೆ ಶಾಹೀನ್ ಅಂತ ಹೊಸ ಡಾಕ್ಟರು ಬಂದಿದ್ದರು. ಹೊರಗಿನವರು, ಬಂದ ವಾರದಲ್ಲೇ ಎಂಟು ಮನೆಯ ಬಾಗಿಲಲ್ಲಿ ಬಿದ್ದಿದ್ದರು. ನಮ್ಮ ಬೀದಿಗೆ ಬಂದಾಗ ಓಂಕಾರಪ್ಪನ ಮನೆಯಲ್ಲೂ ಬೀಳುವವರಿದ್ದರು, ಹಾಲಮ್ಮ ತೋಳು ಹಿಡಿದು ಒಳಗೆ ಕರೆದುಕೊಂಡಳು. ಡಾಕ್ಟರು ಚೀಲದಿಂದ ತೋಳಿಗೆ ಸುತ್ತುವ ಪಟ್ಟಿ, ಗಾಳಿ ಒತ್ತುವ ಉಂಡೆ ತೆಗೆದರು.

"ಅದೆಲ್ಲ ಯಾಕಮ್ಮ?" ಅಂತ ಓಂಕಾರಪ್ಪ ಪಿಸುಗುಟ್ಟಿದ. "ಹೊಸ್ತಿಲೇ ಎದ್ದು ನಿಂತು ಹೇಳ್ತಿರುವಾಗ ತೋಳಿಗೆ ಬಟ್ಟೆ ಸುತ್ತಿ ಇನ್ನೇನು ನೋಡ್ತೀರಿ?"

ನಮ್ಮೂರಿನಲ್ಲಿ ಯಾರೂ ಆ ಪಟ್ಟಿ ಕಟ್ಟಿಸಿಕೊಂಡವರಲ್ಲ. ಅದು ಹೊಸ್ತಿಲಿಲ್ಲದ ಊರಿನವರ ಉಪಾಯ ಅಂತ ನಮ್ಮ ಭಾವನೆ. ಡಾಕ್ಟರು ಒತ್ತಾಯ ಮಾಡಲಿಲ್ಲ. ಹಾಲಮ್ಮ ಕೊಟ್ಟ ಮಜ್ಜಿಗೆ ಕುಡಿದು, ಜೋಪಾನವಾಗಿ ಸೀರೆ ಎತ್ತಿ ಹೊಸ್ತಿಲು ದಾಟಿ, ತಿರುಗಿ ನೋಡಿ, "ಮನಸ್ಸು ಬದಲಾದ್ರೆ ಆಸ್ಪತ್ರೆಗೆ ಬನ್ನಿ. ಬರೋದಾದ್ರೆ ಇಬ್ರೂ ಬನ್ನಿ," ಅಂದು ಹೋದರು.

ಹೋಳಿ ಹುಣ್ಣಿಮೆಯ ಹಿಂದುಮುಂದು ವನಜಳ ಮಗುವಿಗೆ ಜ್ವರ ಬಂತು. ಹಾಲಮ್ಮ ಮಧ್ಯಾಹ್ನವೇ ಹೋದಳು. ಕತ್ತಲಾಗುವ ಮೊದಲು ಬರುತ್ತೇನೆ ಅಂತ ಗಂಡನಿಗೆ ಹೇಳಿ, ಸಪ್ಪೆ ಗಂಜಿ ಮುಚ್ಚಿಟ್ಟು ಹೋದಳು. ಮಗು ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತೊಡೆಯ ಮೇಲೇ ನಿದ್ದೆಹೋಯಿತು. ಸೆರಗು ಬಿಡಿಸಲು ಹೋದರೆ ಬೆಚ್ಚಿ ಅಳುತ್ತಿತ್ತು. ಜ್ವರದ ಮಗುವನ್ನು ಯಾರು ಎಬ್ಬಿಸುತ್ತಾರೆ? ಕಟ್ಟುಪಾಡು ಹಾಗಿರಲಿ ಅಂತ ಅಳಿಯ ಚಂದ್ರಮೌಳಿಯೇ ಹೇಳಿದನಂತೆ. "ಇವತ್ತೊಂದು ರಾತ್ರಿ ಇಲ್ಲೇ ಮಲಗಿ ಅತ್ತೆ. ಮಾವನ ಒತ್ತಡ ಮಾವನ ಹತ್ರಾನೇ ಇದೆಯಲ್ಲ, ನಿಮ್ಮ ಜೊತೆ ಬರುತ್ತಾ?"

ಮರುದಿನ ಬೆಳಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಎದುರು ಬಾಗಿಲು ತೆರೆಯಿತು. ಓಂಕಾರಪ್ಪ ಚೊಂಬು ಹಿಡಿದುಕೊಂಡು, ಅರೆನಿದ್ದೆಯಲ್ಲಿ, ಇಷ್ಟು ತಿಂಗಳ ಅಭ್ಯಾಸದಂತೆ ಬಲಗಾಲನ್ನು ಎತ್ತರಕ್ಕೆ ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದ. ಕಾಲು ಎಲ್ಲೋ ಇರಬೇಕಾದ್ದು ಎಲ್ಲೋ ಇಳಿಯಿತು. ಚೊಂಬು ಒಂದು ಕಡೆ, ಅವನೊಂದು ಕಡೆ. ನಾನು ಪೊರಕೆ ಬಿಸಾಕಿ ಓಡಿದೆ.

ಓಂಕಾರಪ್ಪ ನೆಲದ ಮೇಲೆ ಕೂತೇ ಹಿಂದಕ್ಕೆ ತಿರುಗಿ ನೋಡಿದ. ಹೊಸ್ತಿಲು ನೆಲಕ್ಕೆ ಅಂಟಿಕೊಂಡಿತ್ತು, ಮದುವೆಯ ದಿನ ಇದ್ದ ಹಾಗೆ. ಹಾಲಮ್ಮ ಹಚ್ಚಿದ್ದ ಅರಿಶಿನ ಕುಂಕುಮ ಅದರ ಮೇಲೆ ಹಾಗೇ ಇತ್ತು.

"ಇಳೀತೂ!"

ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ! ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. "ಅಕ್ಕಾ, ಇಳೀತು ನೋಡು! ಪೂರ್ತಿ ಇಳಿದಿದೆ! ಆ ಸಪ್ಪೆ ಸಾರು ಕುಡಿದದ್ದು ವ್ಯರ್ಥ ಆಗ್ಲಿಲ್ಲ! ಮೌನೇಶಣ್ಣ ಎಲ್ಲಿ? ಕರಿ, ಎಲ್ಲ ಪಟ್ಟಿ ಇವತ್ತೇ ಜಡೀಲಿ! ಪಾಯಸ ಯಾಕೆ, ಹೋಳಿಗೆ ಹಾಕಿಸ್ತೀನಿ!" ನನ್ನ ಯಜಮಾನರು ಸುತ್ತಿಗೆ ಹುಡುಕಲು ಹೋದರು. ಓಂಕಾರಪ್ಪ ನಮ್ಮ ಜಗಲಿಯ ಮೇಲೆ ಕೂತು, ಮಗುವಿನ ಹಾಗೆ ಕೈ ಚಾಚಿದ. "ಅಕ್ಕಾ, ಒಂದೇ ಒಂದು ಹೋಳು ಉಪ್ಪಿನಕಾಯಿ ಕೊಡು. ಹಾಲಮ್ಮ ಬರೋದ್ರೊಳಗೆ." ರೊಟ್ಟಿಯ ಜೊತೆ ಕೊಟ್ಟೆ. ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೋಳನ್ನು ಇಟ್ಟುಕೊಂಡ.

ಅದೇ ಹೊತ್ತಿಗೆ ಚಂದ್ರಮೌಳಿ ಕುಂಟುತ್ತ ಬಂದ. ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿತ್ತು, ಅಂಗಿಯ ಮೇಲೆ ಹಾಲು ಚೆಲ್ಲಿತ್ತು.

"ಏನಪ್ಪಾ ಅಳಿಯ, ಹೋಳಿ ಆಡಿದ ಹಾಗಿದೆ!" ಅಂದ ಓಂಕಾರಪ್ಪ.

"ಹಿತ್ತಲ ಬಾಗಿಲಿಂದ ಹೋಗಿ ಹಾಲು ತಗೊಂಡು, ಮುಂದಿನಿಂದ ಒಳಗೆ ಹೋಗ್ತಿದ್ದೆ ಮಾವ. ನಮ್ಮ ಹೊಸ್ತಿಲು ರಾತ್ರೋರಾತ್ರಿ ಎದ್ದುಬಿಟ್ಟಿದೆ. ಇಷ್ಟೆತ್ತರ!" ಅಂತ ಅವನು ತನ್ನ ಕಾಲಿನ ಮೇಲೆ ಕೈಯಿಟ್ಟು ತೋರಿಸಿದ. ಮೀನಖಂಡ ದಾಟಿ, ಮೊಣಕಾಲಿಗೆ ನಾಲ್ಕು ಬೆರಳು ಕೆಳಗೆ.

ಆ ಎತ್ತರ ನನಗೆ ಗೊತ್ತಿತ್ತು. ನಿನ್ನೆಯವರೆಗೆ ಎದುರು ಮನೆಯಲ್ಲಿ ದಿನಾ ನೋಡುತ್ತಿದ್ದೆನಲ್ಲ! ಓಂಕಾರಪ್ಪನಿಗೂ ಗೊತ್ತಿತ್ತು. ಅವನು ತನ್ನ ಮನೆಯ ಹೊಸ್ತಿಲನ್ನು ನೋಡಿದ, ಅಳಿಯನ ಕೈ ನಿಂತಿದ್ದ ಜಾಗ ನೋಡಿದ, ಮತ್ತೆ ಹೊಸ್ತಿಲನ್ನು ನೋಡಿದ. ಬಾಯಲ್ಲಿದ್ದ ಉಪ್ಪಿನಕಾಯಿಯನ್ನು ಅಂಗೈಗೆ ಉಗಿದ.

"ಹಾಲಮ್ಮ," ಅಂದ. ಪಿಸುಮಾತೂ ಅಲ್ಲ, ಕೂಗೂ ಅಲ್ಲ. ಆ ದನಿಯನ್ನು ನಾನು ಅವನಲ್ಲಿ ಕೇಳಿರಲಿಲ್ಲ. ಆಮೇಲೆ ಪಂಚೆ ಎತ್ತಿ ಕಟ್ಟಿ ಓಡಿದ. ನಾನೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ.

ನೇಕಾರರ ಬೀದಿಯಲ್ಲಿ ಮಗಳ ಮನೆಯ ಒಳಗೆ ಹಾಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಗುವಿನ ಜ್ವರ ಬಿಟ್ಟಿತ್ತು, ಅದು ತೊಡೆಯ ಮೇಲೆ ಕೂತು ಅವಳ ಬಳೆ ಎಣಿಸುತ್ತಿತ್ತು. ಗಂಡ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳು ಗಾಬರಿಯಾದಳು.

"ರೀ! ಯಾಕ್ರೀ ಓಡಿ ಬಂದ್ರಿ? ನಿಮ್ಮ ಮೈಗೆ ಆಗುತ್ತಾ ಇದು? ವನಜಾ, ನೀರು ತಾ ಅಪ್ಪಂಗೆ!" ಆಮೇಲೆ ದನಿ ತಗ್ಗಿಸಿ, "ನೋಡಿದ್ರಾ ಇಲ್ಲಿ ಹೊಸ್ತಿಲು? ಅಳಿಯಂದಿರಿಗೂ ಶುರುವಾಗಿದೆ, ಪಾಪ. ಇವತ್ತಿಂದ ಅವರಿಗೂ ಉಪ್ಪು ಕಮ್ಮಿ ಮಾಡು ಅಂತ ವನಜಂಗೆ ಹೇಳ್ದೆ," ಅಂದಳು.

"ನಮ್ಮನೇದು ಇಳಿದಿದೆ ಕಣೇ," ಅಂದ ಓಂಕಾರಪ್ಪ.

ಹಾಲಮ್ಮನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡಳು. "ಸದ್ಯ! ಉಳಿಸ್ದೆಯಲ್ಲ ದೇವ್ರೇ! ಇನ್ನು ನನಗೇನೂ ಬೇಡ."

"ನಂದಲ್ವೇ ಅದು. ನೀನು ಇಲ್ಲಿ ಮಲಗಿದ್ದೆ. ಅಲ್ಲಿ ಇಳೀತು, ಇಲ್ಲಿ ಎದ್ದಿತು."

ಹಾಲಮ್ಮ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನಂದಾ?" ಅಂದಳು. "ನಾನು ಯಾವತ್ತು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ದೀನಿ?"

ಆಸ್ಪತ್ರೆಗೆ ಇಬ್ಬರೂ ಹೋದರು. ನಾನೂ ಜೊತೆಗೆ ಹೋದೆ, ಬಿಟ್ಟಿರಲು ಮನಸ್ಸಾಗಲಿಲ್ಲ. ಶಾಹೀನ್ ಡಾಕ್ಟರು ಹಾಲಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ನೋಡಿ, ಅವಳನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಅವರ ಹುಬ್ಬು ಗಂಟಾದದ್ದು ನನಗೇ ಕಂಡಿತು.

"ಅಮ್ಮ, ಇದು ಇನ್ನು ಸ್ವಲ್ಪ ದಿನ ಹೀಗೇ ಇದ್ದಿದ್ರೆ ಕಷ್ಟ ಆಗ್ತಿತ್ತು. ಒಳ್ಳೇ ಸಮಯಕ್ಕೆ ಬಂದ್ರಿ. ನಿಮ್ಮ ತಾಯಿಗೆ ಈ ತೊಂದರೆ ಇತ್ತಾ?"

"ಅವ್ವಂಗಾ? ಇಲ್ಲ ಡಾಕ್ಟ್ರೇ. ನಮ್ಮಪ್ಪಂಗಿತ್ತು. ಮೇಷ್ಟ್ರು, ಭಾರಿ ಕೋಪಿಷ್ಠರು. ನಮ್ಮನೆ ಹೊಸ್ತಿಲು ಎಷ್ಟೆತ್ತರ ಅಂದ್ರೆ ನಾವು ಮಕ್ಕಳು ಅದರ ಮೇಲೆ ಕುದುರೆ ಆಟ ಆಡ್ತಿದ್ವಿ. ಅವ್ವ ಒಂದಿನ ಒಲೆ ಮುಂದೆ ಕುಸಿದವಳು ಏಳ್ಲೇ ಇಲ್ಲ. ಆ ದುಃಖಕ್ಕೆ ಅಪ್ಪನ ಸಿಟ್ಟೆಲ್ಲ ಇಳಿದು, ಹೊಸ್ತಿಲೂ ಇಳಿದುಹೋಯ್ತು. ಆಮೇಲೆ ತೊಂಬತ್ತರ ತನಕ ಗಟ್ಟಿಯಾಗಿ..." ಅಲ್ಲಿಗೆ ಹಾಲಮ್ಮನ ಮಾತು ನಿಂತುಬಿಟ್ಟಿತು. "ಅಯ್ಯೋ ಅವ್ವ," ಅಂದಳು.

ಡಾಕ್ಟರು ಅವಳ ಕೈ ಹಿಡಿದುಕೊಂಡೇ ಉಳಿದದ್ದನ್ನು ಕೇಳಿದರು. ಬಸುರಿಯಾಗಿದ್ದಾಗ ಕಾಲು ಊದಿಕೊಂಡಿತ್ತಾ? ಊದಿಕೊಂಡಿತ್ತು, ವನಜ ಹೊಟ್ಟೆಯಲ್ಲಿದ್ದಾಗ ಹೊಸ್ತಿಲೂ ಒಂದು ಬೆರಳು ಎದ್ದು, ಹೆರಿಗೆಯಾದ ಮೇಲೆ ಇಳಿದಿತ್ತು. ಮೊದಲ ಹೆರಿಗೆ ಅಂತ ಗಂಡನಿಗೇ ಗಾಬರಿಯಾಗಿದೆ ಎಂದು ಊರಿನವರು ಆಗ ನಕ್ಕಿದ್ದರು. ಮುಟ್ಟು ನಿಂತು ಎಷ್ಟು ದಿನವಾಯಿತು? ನಿದ್ದೆ ಹೇಗೆ? ಉಪ್ಪಿನಕಾಯಿ, ಹಪ್ಪಳ? ಹಾಲಮ್ಮ ನೆಲ ನೋಡಿದಳು. ನಾನೇ ಎಲ್ಲ ಹೇಳಿದೆ. ಎಲೆ ಅಡಿಕೆಯ ಜೊತೆ ಏನಾದರೂ?

"ಒಂದು ಚೂರು ಹೊಗೆಸೊಪ್ಪು," ಅಂದಳು ಹಾಲಮ್ಮ, ಕೇಳಿಸದ ಹಾಗೆ.

"ಹೊಗೆಸೊಪ್ಪಾ?" ಓಂಕಾರಪ್ಪ ಕುರ್ಚಿಯಿಂದ ಎದ್ದ. "ಯಾವಾಗಿಂದ?"

"ವನಜ ಹುಟ್ಟಿದಾಗಿಂದ. ಹಲ್ಲುನೋವಿಗೆ ಅಂತ ಶುರು ಮಾಡಿದ್ದು. ನೀವು ಕೇಳಿದ್ರೆ ಹೇಳ್ತಿದ್ದೆ."

ಓಂಕಾರಪ್ಪ ಮತ್ತೆ ಕೂತ. ದೊಡ್ಡ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಅವನು ಅತ್ತರೂ ಹಾಗೇ, ಹೊರಗೆ ಸಾಲಿನಲ್ಲಿ ಕೂತವರೆಲ್ಲ ಬಾಗಿಲಿಗೆ ಬಂದರು. "ನನ್ನ ಪಾಲಿನ ಉಪ್ಪನ್ನೂ ಇವಳೇ ತಿಂದಳಲ್ಲ ಡಾಕ್ಟ್ರೇ! ನನ್ನ ಪಾಲಿನ ಚಿಂತೇನೂ ಇವಳೇ ಮಾಡಿದ್ಲು. ನಾನು ಊರಿಗೆಲ್ಲ ಕೂಗಿದೆ, ಇವಳ 'ಆಯ್ತು ಬಿಡಿ' ಒಂದು ಸಲನೂ ಸರಿಯಾಗಿ ಕೇಳಿಸ್ಕೊಳ್ಳಿಲ್ಲ. ನನ್ನ ಕೂಗೆಲ್ಲ ನಿನ್ನ ಮೈಗೆ ಇಳೀತಾ ಹಾಲಮ್ಮ?"

"ಹಾಗೇನಿಲ್ಲ ಬಿಡಿ," ಅಂದಳು ಅವಳು, ಸೆರಗಿನಿಂದ ಅವನ ಮುಖ ಒರೆಸುತ್ತ. "ನೀವು ಕೂಗ್ತಿದ್ದಾಗ ನಾನು ಚೆನ್ನಾಗೇ ಇದ್ದೆ. ಸುಮ್ಮನಾದ್ರಲ್ಲ, ಆಗ ಹೆದರಿಕೆ ಆಯ್ತು ನೋಡಿ."

ಸಿಟ್ಟು ಬರುವವರಿಗಷ್ಟೇ ಬರುವ ಕಾಯಿಲೆ ಇದಲ್ಲ, ಮೈಯಲ್ಲಿ ಸದ್ದೇ ಮಾಡದೆ ಕೂತಿರುತ್ತದೆ ಅಂತ ಡಾಕ್ಟರು ತಿಳಿಸಿ ಹೇಳಿದರು. ಮಾತ್ರೆ ಕೊಟ್ಟರು. ತಪ್ಪಿಸಬಾರದು, ಹೊಸ್ತಿಲು ಇಳಿಯಿತು ಅಂತ ನಿಲ್ಲಿಸಲೂಬಾರದು ಅಂದರು. ಆಮೇಲೆ ಪಟ್ಟಿಯನ್ನು ಓಂಕಾರಪ್ಪನ ತೋಳಿಗೂ ಸುತ್ತಿದರು. ಅವನದು ಗಡಿಯಲ್ಲೇ ನಿಂತಿತ್ತು. "ನೀವೇನೂ ಗೆದ್ದಿಲ್ಲ ಯಜಮಾನರೇ. ಈ ಹೊಟ್ಟೆ ಇಳಿಸದಿದ್ರೆ ಮುಂದಿನ ವರ್ಷ ಹೊಸ್ತಿಲು ನಿಜವಾಗ್ಲೂ ನಿಮ್ಮದೇ," ಅಂದರು. ಉಪ್ಪಿನಕಾಯಿ ಜಾಡಿ ಅವತ್ತೇ ನಮ್ಮ ಮನೆಗೆ ಬಂತು. ಬೇಡ ಅಂದರೆ ಕೇಳಬೇಕಲ್ಲ! ನಾನೂ ಒಂದು ದಿನ ಹೋಗಿ ತೋಳು ತೋರಿಸಿಕೊಂಡು ಬಂದೆ ಅನ್ನಿ.

ನಾನೊಬ್ಬಳೇ ಅಲ್ಲ. ಸುದ್ದಿ ಊರು ಸುತ್ತುವುದು ತಡವೇ? ಆ ಯುಗಾದಿಯವರೆಗೆ ಆಸ್ಪತ್ರೆಯ ಮುಂದೆ ಸಾಲು ನಿಂತವರೆಲ್ಲ ಮನೆಯಲ್ಲಿ ದನಿಯೇ ಇಲ್ಲದವರು. ಮೂಲೆಮನೆಯ ಸೊಸೆ, ಗಿರಣಿಯ ಲೆಕ್ಕ ಬರೆಯುವ ಮೂಗಬಸಪ್ಪ ಅಂತಲೇ ಹೆಸರಾದ ಮನುಷ್ಯ, ಅಂಗಡಿ ಶೆಟ್ಟರ ಸಾಧು ತಮ್ಮ. ಎಷ್ಟೋ ಮನೆಗಳಲ್ಲಿ ಸುಮ್ಮನೆ ಬೈಸಿಕೊಂಡು ಸಪ್ಪೆ ಉಣ್ಣುತ್ತಿದ್ದ ಜೋರುಬಾಯಿಯವರಿಗೆ ಬಿಡುಗಡೆಯಾಯಿತು. ಎಲ್ಲರಿಗೂ ಆಗಲಿಲ್ಲ ಅನ್ನಿ, ಕೆಲವು ಕಡೆ ಇಬ್ಬರ ತೋಳೂ ಒಂದೇ ಕಥೆ ಹೇಳಿದವು.

ಹಾಲಮ್ಮ ವಾಪಸು ಬಂದು ಮಲಗಿದ ರಾತ್ರಿಯೇ ಮತ್ತೆ ಎದ್ದ ಎದುರು ಮನೆಯ ಹೊಸ್ತಿಲು ಈ ಸಾರಿ ಒಂದೇ ಸಲ ಇಳಿಯಲಿಲ್ಲ. ಬೆರಳು ಬೆರಳಾಗಿ ಇಳಿಯಿತು. ನಮ್ಮವರು ಒಂದೊಂದೇ ಪಟ್ಟಿ ಜಡಿದು ಬಂದು, ಪಾಯಸದಲ್ಲಿ ಈಗ ಸಕ್ಕರೆಯೂ ಕಮ್ಮಿ ಅಂತ ಗೊಣಗಿದರು. ಕೊನೆಗೆ ಎರಡು ಬೆರಳು ಉಳಿದುಕೊಂಡಿತು. ಉಜ್ಜಿ ಸಮ ಮಾಡಿಕೊಡಲೇ ಅಂತ ನಮ್ಮವರು ಕೇಳಿದ್ದಕ್ಕೆ ಹಾಲಮ್ಮ, "ಇರ್ಲಿ ಬಿಡಿ ಮೌನೇಶಣ್ಣ. ಅದು ನಮ್ಮವ್ವ ಕೊಟ್ಟ ಪಾಲು," ಅಂದಳು. ಸಂಜೆ ಅವಳು ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯಲು ಬರುತ್ತಾಳೆ. ಎಲೆಯಲ್ಲಿ ಈಗ ಬರೀ ಲವಂಗ. ಕೂತು ಉಣ್ಣುತ್ತಾಳೆ, ನಾನೇ ನೋಡಿದ್ದೇನೆ.

ಓಂಕಾರಪ್ಪ ಮಾರುಕಟ್ಟೆಗೆ ವಾಪಸು ಹೋದ. ಆದರೆ ಹೋಗುವ ಮೊದಲು ಅವನಿಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಬಿಸಿಲು ಬರುವವರೆಗೆ ಹಾಲಮ್ಮ ಏಳಬಾರದು ಅಂತ ಡಾಕ್ಟರು ಹೇಳಲೇ ಇಲ್ಲ, ಅವನೇ ಹೇಳಿಕೊಂಡ. ಅಂಗಳ ಗುಡಿಸಿ, ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಹಾಕುವುದು ಈಗ ಅವನ ಪಾಲು. ಅಷ್ಟು ದೊಡ್ಡ ಮನುಷ್ಯ ಕುಕ್ಕರಗಾಲಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು ಚುಕ್ಕಿ ಇಡುವುದನ್ನು ನೋಡಲು ಬೀದಿಯ ಹೆಂಗಸರು ಬೇಗ ಏಳುತ್ತಾರೆ. ಚುಕ್ಕಿ ಒಂದು ಸಾಲು ಕೆರೆಯ ಕಡೆ ಹೋದರೆ ಇನ್ನೊಂದು ಬಸ್ ನಿಲ್ದಾಣದ ಕಡೆ ಹೋಗುತ್ತದೆ.

ಮೊನ್ನೆ ಬೆಳಗ್ಗೆ ಒಂದು ಸಾಲು ಅಪ್ಪಿತಪ್ಪಿ ನೇರವಾಗಿ ಬಂತು. ಅವನು ಮೆಲ್ಲಗೆ "ಒಂದ್ಸಾರಿ" ಅಂತ ಗೊಣಗಿ ಒಂದು ಚುಕ್ಕಿ ಇಟ್ಟ. "ಎರಡ್ಸಾರಿ" ಅಂದ, ಇನ್ನೊಂದು ಇಟ್ಟ. ಕೊನೆಯ ಚುಕ್ಕಿ ಸರಿಯಾಗಿ ಜಾಗದಲ್ಲೇ ಬಿದ್ದ ಖುಷಿಗೆ ಮೈಮರೆತು, ರಂಗೋಲಿ ಪುಡಿಯ ಕೈಯನ್ನು ಮೇಲೆತ್ತಿ "ಮೂರ್ಸಾರೀ!" ಅಂತ ಕೂಗಿಯೇಬಿಟ್ಟ. ಪಾರಿವಾಳಗಳೆಲ್ಲ ಹಾರಿದವು.

"ಎಬ್ಬಿಸ್ಬಿಟ್ಯಲ್ಲೋ ಅವಳನ್ನ!" ಅಂತ ನಾನು ಗದರಿದೆ.

ಓಂಕಾರಪ್ಪ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತುದಿಗಾಲಲ್ಲಿ ಆ ಎರಡು ಬೆರಳಿನ ಹೊಸ್ತಿಲು ದಾಟಿ ಒಳಗೆ ಹೋಗಿ ಇಣುಕಿ ನೋಡಿದ. ಬರುವಾಗ ಅವನ ಮುಖ ಅರಳಿತ್ತು.

"ಇಲ್ಲ ಅಕ್ಕಾ, ಎದ್ದಿಲ್ಲ! ಮಗ್ಗುಲು ಬದಲಾಯಿಸಿ ಮತ್ತೆ ಮಲಗಿದ್ಲು!" ಅಂದ, ಇಡೀ ಬೀದಿಗೆ ಕೇಳುವ ಹಾಗೆ.